ಕಬ್ಬಿಣದ ಮಡಿ

ತುಮಕೂರು, ಮಂಡಿಪೇಟೆಯ ಹಿಂದಿನ ಓಣಿ, ಮೆಣಸಿನಕಾಯಿ ಘಾಟು.
ಪ್ಯಾರೇಜಾನ್ ಸಾಬರ ಅಂಗಡಿಗೆ ಬೋರ್ಡಿಲ್ಲ,
ಗೋಡೆಗೆ ಲೈಸೆನ್ಸಿನ ಚೌಕಟ್ಟು ಮಾತ್ರ,
ಅದರ ಗಾಜಿಗೂ ಎಣ್ಣೆಯ ಪಸೆ.

ಸೇರಿದ ವಾರದಲ್ಲೇ ಗೊತ್ತಾಯಿತು ನನ್ನ ಕೈಗುಣ:
ಕೈಪಳಗಲೆಂದು ಕೊಟ್ಟ ಹಳೇ ನಳಿಗೆ ತುಂಡಿನ ಮೇಲೆ
ಮೂರನೇ ದಿನ ಕೆಂಪಗೆ ಎದ್ದಿತ್ತು
ನನ್ನ ಹೆಬ್ಬೆಟ್ಟು, ಗೆರೆಗೆರೆಯಾಗಿ.
ರೇಷನ್ ಅಂಗಡಿಯ ಯಂತ್ರ ಕೂಡ
ಅಷ್ಟು ಚೆನ್ನಾಗಿ ನನ್ನನ್ನು ಓದಿಲ್ಲ.
"ನಿನ್ನ ಬೆವರಲ್ಲಿ ಉಪ್ಪು ಜಾಸ್ತಿ ಮಗಳೇ,
ಕೆಲವರದು ಹಂಗೇ. ಪಾಪ ಏನಲ್ಲ" ಅಂದರು ಸಾಬರು.
ಇಕ್ಕಳ ಕೊಟ್ಟರು, ಕೊಕ್ಕೆ ಬಗ್ಗಿಸಿದ ತಂತಿ ಕೊಟ್ಟರು.

ಅಜ್ಜಿ ಓಬಕ್ಕನ ಕೈಗುಣ ಬೇರೆ.
ಅಡ್ಡ ತಿರುಗಿದ ಕೂಸು ಆ ಕೈ ಸೋಕಿದರೆ
ದಾರಿ ಹಿಡಿಯುತ್ತಿತ್ತಂತೆ.
ಹುಟ್ಟಿದ್ದರ ಮೈಮೇಲಿನ ಬಿಳೀ ಜಿಡ್ಡಿಗೆ
ಹರಳೆಣ್ಣೆ ಸವರಿ, ಕಡಲೆಹಿಟ್ಟಲ್ಲಿ ಉಜ್ಜಿ,
"ಜಿಡ್ಡಿಗೆ ಜಿಡ್ಡೇ ಮದ್ದು, ನೀರು ಆಮೇಲೆ" ಅನ್ನುತ್ತಿದ್ದಳು.

ಇಲ್ಲೂ ಮೊದಲು ಸೀಮೆಎಣ್ಣೆ. ಹಳೇ ಹಲ್ಲುಜ್ಜೋ ಬ್ರಶ್ಶು,
ಕುದುರೆಯ ಸಂದು, ಸ್ಪ್ರಿಂಗಿನ ಸುತ್ತು,
ತಿರುಪಿನ ತಲೆಯ ಸೀಳು.
ಕರೀ ರಾಡಿ ಹೊರಡುತ್ತದೆ: ಯಾವ ಕಾಲದ ಮದ್ದಿನ ಮಸಿ,
ಯಾರೋ ಅಡುಗೆಮನೆಯಿಂದ ತಂದು ಬಿಟ್ಟ ಕಡಲೆಕಾಯಿ ಎಣ್ಣೆ
ಬಾಂಡಲೆಯ ತಳದ ಹಾಗೆ ಅಂಟುಗಟ್ಟಿ,
ಅದರೊಳಗೆ ಸ್ಟೇಷನ್ ಕಪಾಟಿನ ಜಿರಳೆಯದೊಂದು ಕಾಲು.
(ಎಲೆಕ್ಷನ್ ಬಂದಾಗಲೆಲ್ಲ ಕೋವಿಗೂ ಲಾಕಪ್ಪು.)
ಆಮೇಲೆ ಸೋಡಾ ನೀರಲ್ಲಿ ಕುದಿ. ಆಮೇಲೆ ಬಿಸಿನೀರು.
ಎತ್ತಿ ಹಿಡಿದು ನೋಡಬೇಕು.
ನೀರು ಹನಿಹನಿಯಾಗಿ ನಿಂತಿತೋ,
ಎಣ್ಣೆ ತಲೆಯ ಮೇಲಿನ ಮೊದಲ ಚೊಂಬು ಅದು,
ಜಿಡ್ಡು ಹೋಗಿಲ್ಲ.
ಒಂದೇ ಪೊರೆಯಾಗಿ ಮೈತುಂಬ ಹರಡಿ
ತೆಳ್ಳಗೆ ಇಳಿದರೆ
ಆಯಿತು.
"ಈಗ ಇದು ಮಡಿ" ಅನ್ನುತ್ತಾರೆ ಸಾಬರು, ಹಲ್ಲು ಬಿಟ್ಟು,
"ನಾನೂ ಮುಟ್ಟಂಗಿಲ್ಲ, ನೀನೂ ಮುಟ್ಟಂಗಿಲ್ಲ.
ಬೆರಳು ತಾಗಿದ ಜಾಗಕ್ಕೆ ಕಪ್ಪು ಹಿಡಿಯಲ್ಲ."

ಮಡಿ.
ಮೊದಲ ಸಲ ನನಗೆ ನಗು ಬರಲಿಲ್ಲ.
ಓಬಕ್ಕ ಎತ್ತಿದ ಕೂಸಿಗೆ ತೊಟ್ಟಿಲು ಕಟ್ಟುವ ದಿನ
ಓಬಕ್ಕ ಅಂಗಳದಾಚೆ, ಬೇವಿನ ಬುಡದಲ್ಲಿ.
ಒಡ್ಡಿದ ಸೆರಗಿಗೆ ಮೇಲಿಂದ ಬೀಳುತ್ತಿತ್ತು
ಅಕ್ಕಿ, ಬೆಲ್ಲ, ಒಂದು ಹಳೇ ಸೀರೆ.
ಕೈಗೆ ಕೈ ತಾಗದ ಹಾಗೆ ಕೊಡುವುದಕ್ಕೂ
ನಾಜೂಕು ಬೇಕು.

ಅವತ್ತು ಬುಧವಾರ. ಹುಲಿಕುಂಟೆ ಕಡೆಯ ಮುದ್ದರಂಗಪ್ಪನವರು
ಅಪ್ಪನ ಕೋವಿ ಎಲ್ಲಿಗೆ ಬಂತು ಅಂತ ನೋಡಲು ಬಂದರು.
ತಂತಿಯಲ್ಲಿ ತೂಗುತ್ತಿತ್ತು ನಳಿಗೆ, ಪಕ್ಕಕ್ಕೆ ಕುದುರೆ,
ಹಲ್ಲು ಬರದ ವಸಡಿನಂಥ ಬೆತ್ತಲೆ.
(ಇವರನ್ನು ಎತ್ತಿದ್ದು ನಮ್ಮಜ್ಜಿಯಲ್ಲ.
ಕಥೆಯಲ್ಲಾಗಿದ್ದರೆ ಅವಳೇ ಎತ್ತಿರುತ್ತಿದ್ದಳು.)
"ಅರೆರೆ, ನಮ್ಮಪ್ಪಂದೇನಾ ಇದು" ಅಂತ ಕೈ ಚಾಚಿದರು.

"ಮುಟ್ಟಬೇಡಿ."

ನನ್ನದೇ ದನಿ. ಅಷ್ಟು ಗಡುಸು ಎಲ್ಲಿಂದ ಬಂತೋ.
ಅವರ ಕೈ ಗಾಳಿಯಲ್ಲೇ ನಿಂತಿತು,
ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ
ಪಂಚೆಗೆ ಒರೆಸಿಕೊಂಡಿತು, ಒರೆಸಲು ಏನೂ ಇರಲಿಲ್ಲ.
ಆ ಒರೆಸಿಕೊಳ್ಳುವುದು ನನಗೆ ಗೊತ್ತು.
ನಮ್ಮಲ್ಲಿ ಅದು ಸೆರಗಿಗೆ.

ಸೇಡು ಅನ್ನಿಸಲಿಲ್ಲ. ಖುಷಿಯಾಗಲಿಲ್ಲ ಅಂದರೆ ಸುಳ್ಳು.
"ಯಾರ ಕೈಯಾದರೂ ಅಷ್ಟೇ ಯಜಮಾನರೇ, ಜಿಡ್ಡು ಹತ್ತುತ್ತೆ,
ನನ್ನದು ಇನ್ನೂ ಕೆಟ್ಟದ್ದು"
ಅಂತ ಗೂಟದಿಂದ ತೆಗೆದು ತೋರಿಸಿದೆ
ಕೆಂಪು ಹೆಬ್ಬೆಟ್ಟಿನ ಆ ತುಂಡು.
ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.
ಸ್ಟೂಲು ಎಳೆದುಕೊಂಡು ಕೂತರು.
ಸಾಬರು ಮೂರು ಟೀ ಹೇಳಿದರು.

ಶನಿವಾರದ ಹೊತ್ತಿಗೆ ಕಪ್ಪು ಹಿಡಿದಿತ್ತು,
ಮಾಗಿದ ನೇರಳೆಯ ಕಪ್ಪು, ಒಂದು ಕಡೆಯೂ ಬಿಡದೆ.
ಎಣ್ಣೆ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ ನಾನೇ ಕೊಟ್ಟೆ.
"ಈಗ ಮುಟ್ಟಬಹುದಾ?" ಕೇಳಿದರು.
"ಮುಟ್ಟಿ."

ದುಡ್ಡನ್ನು ಮೇಜಿನ ಮೇಲಿಟ್ಟರು.
ಎಲ್ಲರೂ ಅಲ್ಲೇ ಇಡುತ್ತಾರೆ. ಆದರೂ
ಎತ್ತಿಕೊಳ್ಳುವಾಗ ಒಮ್ಮೆ ಅವರ ಮುಖ ನೋಡಿದೆ.
ಎಣಿಸುತ್ತಿದ್ದಂತೆ ನೋಟುಗಳು
ಬೆರಳಿಗೆ ಅಂಟುತ್ತಿದ್ದವು.